ಹ್ಯಾಶ್‌ಟ್ಯಾಗ್ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಒಂದು ಸೀರೆ ಅಂಗಡಿಯ ಪೇಜಿನಿಂದ. ಮೇಲೆ ಅವರ ಫೋಟೋ, ಕೆಳಗೆ ‘ನಮ್ಮ ಮಾರ್ಗದರ್ಶಕರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಒಂದು ವಾಕ್ಯ, ಅದರ ಕೆಳಗೆ ಟ್ಯಾಗುಗಳ ಸಾಲು: #ಓಂಶಾಂತಿ #ಬೆಳಗಾವಿ #ಖಾಸಬಾಗಸೀರೆ #ಹೊಸಸಂಗ್ರಹ #ಹಬ್ಬದರಿಯಾಯಿತಿ. ಅಂಗಡಿಗೆ ಹೊಸದಾಗಿ ಸೇರಿದ ಯಾರೋ ದಿನಾ ಹಾಕುವ ಟ್ಯಾಗುಗಳನ್ನೇ ಇದಕ್ಕೂ ಅಂಟಿಸಿಬಿಟ್ಟಿದ್ದರು. ಬೇಕೆಂದು ಮಾಡಿದ್ದಲ್ಲ. ಆದರೂ ಅದನ್ನು ನೋಡಿ ನನ್ನ ಮುಖ ಬಿಸಿಯಾಯಿತು. ಆ ಟ್ಯಾಗುಗಳಲ್ಲಿ ಅರ್ಧ ಅಕ್ಕೋರೇ ಹುಟ್ಟಿಸಿದವು. ದುಃಖದ ಪಕ್ಕದಲ್ಲಿ ಸೀರೆ ಹರವಿದರೆ ಏನಾಗುತ್ತದೆ ಎಂಬುದನ್ನು ಅವರು ತಿಳಿದುಕೊಂಡ ಹಾಗೆ ಈ ಊರಿನಲ್ಲಿ ಬೇರೆ ಯಾರೂ ತಿಳಿದುಕೊಂಡಿರಲಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಬಹಳ ವರ್ಷ ಒಂದು ಪತ್ರಿಕೆಯ ಕಚೇರಿಯಲ್ಲಿ ಸಣ್ಣ ಜಾಹೀರಾತುಗಳ ಕಿಟಕಿಯ ಹಿಂದೆ ಕುಳಿತಿದ್ದರು. ಆ ಕೆಲಸ ಮುಗಿದ ಮೇಲೆ ಖಾಸಬಾಗದಲ್ಲಿ ಒಂದು ಕೋಣೆ ಹಿಡಿದು, ಅಂಗಡಿಕಾರರ ಪರವಾಗಿ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮುಗಳಲ್ಲಿ ಬರೆದುಕೊಡುವ ಕೆಲಸ ಶುರು ಮಾಡಿದರು. ಫೋಟೋ ತೆಗೆಯುವುದಕ್ಕೆ ನಾನು ಸೇರಿಕೊಂಡೆ. ಬರೆದುಕೊಟ್ಟು ಸುಮ್ಮನಿರುವ ಜೀವ ಅವರದಾಗಿರಲಿಲ್ಲ. ಬಂದವರನ್ನು ಕೂರಿಸಿಕೊಂಡು ಕಲಿಸುತ್ತಿದ್ದರು. ಹಾಗಾಗಿ ಅಕ್ಕೋರು ಎಂಬ ಹೆಸರು ಬಿತ್ತು.

ಎತ್ತರದ ಹೆಂಗಸು. ಕನ್ನಡಕ ಸದಾ ತಲೆಯ ಮೇಲೆ. ಬೇಕಾದಾಗ ಮೂಗಿಗೆ ಇಳಿಯುತ್ತಿತ್ತು. ಜೈನರ ಮನೆಯವರಾದ್ದರಿಂದ ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಸಂಜೆ ಗಿರಾಕಿ ಎದುರಿಗೆ ಕುಳಿತಿದ್ದರೂ ಡಬ್ಬಿ ಬಿಚ್ಚಿ, “ನೀವು ಮಾತಾಡ್ರಿ, ನಾ ಕೇಳಸ್ಕೊಂತ ಉಣ್ತೀನಿ” ಎನ್ನುತ್ತಿದ್ದರು. ಅವರ ಡಬ್ಬಿಯಲ್ಲಿ ಉಳ್ಳಾಗಡ್ಡಿಯಿಲ್ಲದ ಪಲ್ಯದ ಪರಿಮಳಕ್ಕೆ ಎಷ್ಟೋ ಸಾಹುಕಾರರು ಮಾತು ಮರೆತದ್ದುಂಟು.

ಟ್ಯಾಗ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಒಂದೇ. “ಬಸ್ಸಿನ ಬೋರ್ಡ್ ಇದ್ದಂಗ್ರಿ. ಖಾನಾಪುರ ಅಂತ ಬರದು ಸಾಂಬ್ರಾಕ್ಕ ಒಯ್ದ್ರ ಮಂದಿ ಸುಮ್ಮನಿರ್ತಾರೇನು?” ಬರೀ ಸೀರೆ ಎಂದು ಹಾಕಬೇಡಿ, ಅದು ಸಮುದ್ರ, ನಿಮ್ಮ ಸೀರೆ ಅಲ್ಲಿ ಮುಳುಗಿಹೋಗುತ್ತದೆ, ಖಾಸಬಾಗಸೀರೆ ಎಂದು ಹಾಕಿ, ನೋಡುವವರು ಕಡಿಮೆ, ಆದರೆ ಬಂದವರು ಸೀರೆ ಉಡುವವರೇ ಆಗಿರುತ್ತಾರೆ ಎಂದು ತಿಳಿಸಿ ಹೇಳುತ್ತಿದ್ದರು. ಊರಿನ ಹೆಸರನ್ನು ಬೆಳಗಾವಿ ಎಂದು ಬರೆಯಬೇಕೋ ಬೆಳಗಾಂವ ಎಂದೋ ಎಂದು ನಮ್ಮಲ್ಲಿ ಆಗಾಗ ಜಗಳ ಏಳುತ್ತದೆ. ಅಕ್ಕೋರು ಜಗಳಕ್ಕೆ ಹೋಗುತ್ತಿರಲಿಲ್ಲ. “ಗಿರಾಕಿ ಯಾವ ಹೆಸರಿಂದ ಕರೀತಾನ, ಆ ಹೆಸರಿಗೆ ಓ ಅನ್ರಿ” ಎಂದು ಎರಡನ್ನೂ ಹಾಕಿಸುತ್ತಿದ್ದರು.

ಒಬ್ಬ ಮಿಠಾಯಿ ಅಂಗಡಿಯವರ ಕತೆ ಹೇಳಲೇಬೇಕು. ಹಬ್ಬಕ್ಕೆ ಬೇಕಾದಷ್ಟು ಕುಂದಾ ಮಾಡಿಟ್ಟು, ‘ಕುಂದಾ ಕೊರತೆ ಇಲ್ಲ’ ಎಂದು ತಾವೇ ಟ್ಯಾಗ್ ಹಾಕಲು ಹೋದರು. ಫೋನು ತನ್ನ ಬುದ್ಧಿ ಉಪಯೋಗಿಸಿ ಅದನ್ನು #ಕುಂದುಕೊರತೆ ಎಂದು ತಿದ್ದಿತು. ಆ ಟ್ಯಾಗಿನೊಳಗೆ ಊರಿನವರು ಒಡೆದ ಪೈಪು, ತುಂಬಿದ ಗಟಾರು, ರಸ್ತೆಯ ತಗ್ಗುಗಳ ಫೋಟೋ ಹಾಕಿ ದೂರು ಹೇಳಿಕೊಳ್ಳುತ್ತಿದ್ದರು. ಅವುಗಳ ನಡುವೆ ಇವರ ಕಂದು ಬಣ್ಣದ ಕುಂದಾದ ತಟ್ಟೆ. ಕೆಳಗೆ ಯಾರೋ, ‘ಇದನ್ನು ಯಾವಾಗ ರಿಪೇರಿ ಮಾಡುತ್ತೀರಿ?’ ಎಂದು ಕೇಳಿದ್ದರು. ಸಾಹುಕಾರರು ಸಿಟ್ಟಿನಿಂದ ಬಂದರು. ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಗಂಭೀರವಾದರು. “ಅದಕ್ಕ ಹೇಳೂದ್ರಿ. ಮೊದಲ ಬಾಗಲಾ ತಗದು ಒಳಗ ಯಾರ ಕುಂತಾರ ನೋಡ್ರಿ. ಆಮ್ಯಾಲ ನೀವು ಕುಂದರ್ರಿ.”

ಈ ಮಾತು ಅವರು ಎಲ್ಲರಿಗೂ ಹೇಳುತ್ತಿದ್ದ ಮೊದಲ ಪಾಠ. ಅವರು ಮಾಡಿದ ತಪ್ಪು ತಿಳಿಯದೆ ಆದದ್ದಲ್ಲ ಎಂಬುದು ಗೊತ್ತಾಗಲೆಂದು ಇದನ್ನು ಇಲ್ಲಿ ಬರೆದೆ.

ಅದು ಗೌರಿ ಗಣಪತಿ ಹಬ್ಬದ ಮುಂಚಿನ ವಾರ. ಖಾನಾಪುರದ ಒಬ್ಬ ಅಂಗನವಾಡಿ ಕಾರ್ಯಕರ್ತೆ ತನ್ನ ತಾಯಿಯನ್ನು ಕಣ್ಣಿನ ಪರೀಕ್ಷೆಗೆಂದು ಬೆಳಗಾವಿಗೆ ಕರೆತಂದಿದ್ದಳು. ತಾಯಿಗೆ ಮರೆವಿನ ಕಾಯಿಲೆ. ಬಸ್ ಸ್ಟ್ಯಾಂಡಿನಲ್ಲಿ ಮಗಳು ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ ಮುದುಕಿ ಎದ್ದು ನಡೆದುಬಿಟ್ಟಿದ್ದರು. ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಮಗಳು ತಾಯಿಯ ಫೋಟೋ ಹಾಕಿ, ಕಂಡವರು ಫೋಟೋ ತೆಗೆದು ಇದೇ ಹೆಸರಿನಲ್ಲಿ ಹಾಕಿ ಎಂದು ಬರೆದು, #ಖಾನಾಪುರದಅವ್ವ ಎಂಬ ಟ್ಯಾಗ್ ಕೊಟ್ಟಳು. ಮರಾಠಿಯಲ್ಲೂ ಹಾಗೆಯೇ ಒಂದು. ಊರಿಗೆ ಊರೇ ಅದನ್ನು ಹಂಚಿತು. ಆಟೋದವರು, ಕಾಲೇಜಿನವರು, ಗಣಪತಿ ಮಂಡಳದವರು, ಎಲ್ಲರೂ.

ಅದೇ ವಾರ ನಮ್ಮ ಸೀರೆ ಅಂಗಡಿಯ ಸಾಹುಕಾರರು ಮುನಿಸಿಕೊಂಡಿದ್ದರು. ಹಬ್ಬದ ವ್ಯಾಪಾರ ಎದ್ದಿರಲಿಲ್ಲ. ಪೇಜಿನ ಕೆಲಸವನ್ನು ಹುಬ್ಬಳ್ಳಿಯ ಹುಡುಗರಿಗೆ ಕೊಡುತ್ತೇನೆ ಎಂದು ಹೇಳಿ ಹೋಗಿದ್ದರು. ಅಕ್ಕೋರು ಬೆಳಿಗ್ಗೆಯಿಂದ ಫೋನು ನೋಡುತ್ತ ಕುಳಿತಿದ್ದರು. ಮಧ್ಯಾಹ್ನ ನನ್ನನ್ನು ಕರೆದು ಒಂದು ಹಸಿರು ಸೀರೆಯ ಫೋಟೋ ಕೇಳಿದರು. ಕೆಂಪು ಅಂಚಿನ ಹಸಿರು ಸೀರೆ. ಕಿಟಕಿಯ ಬೆಳಕಿನಲ್ಲಿ ತೆಗೆದದ್ದು, ನನಗೂ ಇಷ್ಟವಾದ ಫೋಟೋ. ಅದಕ್ಕೆ ಅವರು ಬರೆದರು: ‘ಅವ್ವ ಬೇಗ ಮನೆಗೆ ಬರಲಿ ಎಂಬುದು ನಮ್ಮ ಹಾರೈಕೆ. ಈ ಹಬ್ಬಕ್ಕೆ ನಿಮ್ಮ ಅವ್ವನಿಗೂ ಒಂದು ಸೀರೆ.’ ಕೆಳಗೆ #ಖಾನಾಪುರದಅವ್ವ.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. “ಊರ ಕಣ್ಣೆಲ್ಲಾ ಈಗ ಅಲ್ಲೇ ಅದ” ಎಂದರು. “ಎರಡ ದಿವಸ ಅಷ್ಟ. ಆ ಹೆಣ್ಣಮಗಳು ಸಿಗ್ತಾಳ ಬಿಡು.”

ಅಂದು ಸಂಜೆ ಅಂಗಡಿಯಲ್ಲಿ ಜನ ತುಂಬಿದರು. ಸಾಹುಕಾರರು ಪೇಢೆ ಕಳಿಸಿದರು. ಆದರೆ ಅಕ್ಕೋರು ಏನು ಮಾಡುತ್ತಾರೆ ಎಂದು ಕಾದು ನೋಡುವ ಅಂಗಡಿಗಳು ಊರಿನಲ್ಲಿ ಬಹಳ ಇದ್ದವು. ಆ ಅಂಗಡಿಯವರಿಗೆ ಕಲಿಸಿದವರೇ ಇವರು. ರಾತ್ರಿ ಕಳೆಯುವುದರೊಳಗೆ ಆ ಟ್ಯಾಗಿನೊಳಗೆ ಬಂಗಾರದ ಬಳೆ, ಸ್ಟೀಲಿನ ಪಾತ್ರೆ, ಮಿಕ್ಸರು, ಹೋಳಿಗೆ ಎಲ್ಲ ಬಂದು ಕುಳಿತವು. ಪ್ರತಿಯೊಂದರ ಕೆಳಗೂ ಅವ್ವನ ಮೇಲೆ ಒಂದು ಪ್ರೀತಿಯ ಮಾತು.

ಮರುದಿನ ಬೆಳಿಗ್ಗೆ ನಾನು ಬಂದಾಗ ಅಕ್ಕೋರು ಮೇಜಿನ ಮುಂದೆ ನಿಂತಿದ್ದರು. ಕನ್ನಡಕ ಮೂಗಿನ ಮೇಲಿತ್ತು. ಫೋನನ್ನು ನನ್ನತ್ತ ಚಾಚಿದರು. ಹಸಿರು ಸೀರೆಯ ಕೆಳಗೆ ಹೊಗಳಿಕೆಗಳ ನಡುವೆ ಒಂದು ಸಾಲು: ‘ದಯವಿಟ್ಟು ಈ ಹೆಸರು ತೆಗೆಯಿರಿ. ನಮ್ಮವ್ವ ಇನ್ನೂ ಸಿಕ್ಕಿಲ್ಲ. ಇದರೊಳಗೆ ಏನೂ ಕಾಣವಲ್ದು.’ ಬರೆದವಳು ಮಗಳು. ಅದಕ್ಕೆ ಯಾರೋ ಕೈ ಮುಗಿದ ಚಿತ್ರ ಹಾಕಿ ಮುಂದೆ ಹೋಗಿದ್ದರು.

ಅಕ್ಕೋರು ನಮ್ಮ ಪೋಸ್ಟನ್ನು ಅಳಿಸಿದರು. ಆಮೇಲೆ ಒಂದೊಂದೇ ಅಂಗಡಿಗೆ ಫೋನು ಹಚ್ಚಿದರು. ಕೆಲವರು ಕೂಡಲೇ ತೆಗೆದರು. ಕೆಲವರು, “ನೀವ ಹಾಕಿದ್ರಲ್ರಿ ಅಕ್ಕೋರ, ಈಗ ನಮಗ್ಯಾಕ ಬ್ಯಾಡ ಅಂತೀರಿ” ಎಂದು ನಕ್ಕರು. ಅವರು ವಾದ ಮಾಡಲಿಲ್ಲ. “ನಾ ಹಾಕಿದ್ದು ತಪ್ಪು. ತಗೀರಿ” ಎಂದಷ್ಟೇ ಹೇಳುತ್ತಿದ್ದರು. ಉಳಿದವುಗಳನ್ನು ಬೆರಳಿನಿಂದ ಸರಿಸುತ್ತ ಸರಿಸುತ್ತ ಕೆಳಗೆ ಹೋದರು. ಹೆಚ್ಚು ಮಂದಿ ಮೆಚ್ಚಿದ್ದೇ ಮೇಲೆ ಬರುವುದರಿಂದ, ಸಾಕಷ್ಟು ಕೆಳಗೆ, ಪಾತ್ರೆ ಬಳೆಗಳ ಅಡಿಯಲ್ಲಿ, ಒಂದು ಮಸುಕು ಫೋಟೋ ಇತ್ತು. ಸಾಂಬ್ರಾದ ಹಾದಿಯಲ್ಲಿ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕುಳಿತ ಮುದುಕಿ. ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಕಾಲೇಜಿನ ಹುಡುಗಿಯೊಬ್ಬಳು ಹಿಂದಿನ ಸಂಜೆ ಬಸ್ಸಿನ ಕಿಟಕಿಯಿಂದ ತೆಗೆದು ಹಾಕಿದ್ದಳು. ಅದಕ್ಕೆ ಒಬ್ಬರೂ ಉತ್ತರ ಬರೆದಿರಲಿಲ್ಲ.

ಅಕ್ಕೋರು ಪೋಸ್ಟಿನಲ್ಲಿದ್ದ ಮಗಳ ನಂಬರಿಗೆ ಫೋನು ಮಾಡಿದರು. “ಸಾಂಬ್ರಾದಾಗ ಒಂದ ಫೋಟೋ ಬಂದದವಾ, ನಿನ್ನಿ ಸಂಜೀಕ ತಗದದ್ದು. ಲಗೂನ ನೋಡು” ಎಂದರು. ನೀವು ಯಾರು ಎಂದು ಆ ಕಡೆಯಿಂದ ಕೇಳಿರಬೇಕು. ಅಕ್ಕೋರು ಸ್ವಲ್ಪ ತಡೆದು, “ಬೆಳಗಾವಿಯಾಕಿ” ಎಂದು ಇಟ್ಟುಬಿಟ್ಟರು.

ಮಗಳು ಹೋಗುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು. ಮುದುಕಿ ಸಿಕ್ಕಿದ್ದು ಗಣಪತಿ ಕೂರಿಸಿದ ಮರುದಿನ, ಊರಿನ ಇನ್ನೊಂದು ತುದಿಯ ಹಿಂಡಲಗಾದ ಹತ್ತಿರ. ಹಾಲು ಹಾಕುವವನೊಬ್ಬ ನೋಡಿ ಪೊಲೀಸರಿಗೆ ತಿಳಿಸಿದ. ಜೀವವಿತ್ತು. ಬರಿಗಾಲಿನಲ್ಲಿ ನಡೆದು ನಡೆದು ಪಾದದ ಗಾಯ ಕೊಳೆತಿತ್ತು. ಆಸ್ಪತ್ರೆಯಲ್ಲಿ ಬಲಗಾಲಿನ ಬೆರಳುಗಳನ್ನು ತೆಗೆಯಬೇಕಾಯಿತು.

ಆ ಸುದ್ದಿ ಬಂದ ದಿನ ಅಕ್ಕೋರು ಡಬ್ಬಿ ಬಿಚ್ಚಲಿಲ್ಲ. ಹೊತ್ತು ಮುಳುಗಿತು. ನಾನು ದೀಪ ಹಾಕಲು ಎದ್ದಾಗ ತಾವಾಗಿಯೇ ಮಾತಾಡಿದರು. “ಪೇಪರಿನ್ಯಾಗ ಇದ್ದಾಗ ‘ಕಾಣೆಯಾಗಿದ್ದಾರೆ’ ಅನ್ನೂದು ನನ್ನ ಕಿಟಕಿಗೇ ಬರ್ತಿತ್ತು. ಆ ಫೋಟೋದ ಬಾಜೂಕ ಸೀರೀದು ಹಚ್ಚಾಕ ನಾ ಒಮ್ಮಿನೂ ಬಿಟ್ಟಾಕಿ ಅಲ್ಲ. ಸಾಹೇಬರ ಸಂಗತೀನ ಜಗಳ ಮಾಡಿದ್ನಿ. ಅದ ಕೈಲೆ ಇದನ್ನ ಮಾಡಿದ್ನಿ ನೋಡವಾ.” ಆಮೇಲೆ ತಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು.

ಸೀರೆ ಅಂಗಡಿಯ ಸಾಹುಕಾರರಿಗೂ ಕೆಡುಕೆನಿಸಿತ್ತು. ಬಂದು ಕುಳಿತು, “ಒಂದು ಕ್ಷಮಾ ಕೇಳಿ ಪೋಸ್ಟ್ ಹಾಕೂಣ್ರಿ ಅಕ್ಕೋರ. ಮಂದಿ ಮೆಚ್ತಾರ” ಎಂದರು.

“ಅದಕ್ಕ ಯಾವ ಟ್ಯಾಗ್ ಹಚ್ಚಲಿ, ಹೇಳ್ರಿ” ಎಂದು ಅಕ್ಕೋರು ಕೇಳಿದರು.

ಸಾಹುಕಾರರು ಪ್ರಾಮಾಣಿಕವಾಗಿ ಯೋಚನೆ ಮಾಡಿ, “ಮಾನವೀಯತೆ ಅಂತ ಹಚ್ಚಿದ್ರ ಹೆಂಗ್ರಿ” ಎಂದರು. ಅಕ್ಕೋರು ತಲೆ ತಗ್ಗಿಸಿದರು. ಈ ಯೋಚನೆಯನ್ನು ಸಾಹುಕಾರರಿಗೆ ಕಲಿಸಿದ್ದು ತಾವೇ ಎಂದು ಅವರಿಗೆ ಗೊತ್ತಿತ್ತು.

ಗಣಪತಿ ಮುಳುಗಿಸಿದ ಬೆನ್ನಿಗೇ ಜೈನರ ಕ್ಷಮಾವಣಿ ಬರುತ್ತದೆ. ಆ ದಿನ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕು. ಪ್ರತಿವರ್ಷ ಅಕ್ಕೋರಿಂದ ಗಿರಾಕಿಗಳಿಗೆಲ್ಲ ಒಂದೇ ಸಂದೇಶ ಹೋಗುತ್ತಿತ್ತು, ತಾವರೆಯ ಚಿತ್ರದ ಜೊತೆ. ಆ ವರ್ಷ ಕಳಿಸಲಿಲ್ಲ. “ಎಲ್ಲಾರಿಗೂ ಕೂಡಿ ಒಂದ ಕ್ಷಮಾ ಕೇಳಿದ್ರ ಯಾರಿಗೂ ಕೇಳಿದಂಗ ಅಲ್ಲ. ನಡಿ, ಖಾನಾಪುರಕ್ಕ ಹೋಗೂಣು” ಎಂದರು.

ಬಸ್ಸಿನಲ್ಲಿ ಅವರ ತುಟಿ ಅಲ್ಲಾಡುತ್ತಿತ್ತು. ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದರು. ಖಾನಾಪುರ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋದೆವು. ಹಂಚಿನ ಸಣ್ಣ ಮನೆ. ಬಾಗಿಲಲ್ಲಿ ನಿಂತು ಅಕ್ಕೋರು, “ಬೆಳಗಾವಿಯಿಂದ ಬಂದೀವಿ, ಅವ್ವಾರನ್ನ ನೋಡಾಕ” ಎಂದರು.

ಹಣೆಗೆ ವಿಭೂತಿ ಹಚ್ಚಿದ್ದ, ನಲವತ್ತರ ಆಸುಪಾಸಿನ ಮಗಳು ಒಂದು ಕ್ಷಣ ಅವರನ್ನೇ ನೋಡಿದಳು. “ನಿಮ್ಮ ದನಿ ಕೇಳಿದಂಗ ಐತ್ರಿ. ಸಾಂಬ್ರಾದ ಫೋಟೋ ಅದ ಅಂತ ಫೋನ್ ಮಾಡಿದವರು ನೀವ ಏನ್ರಿ?”

“ಹೌದವಾ” ಎಂದರು ಅಕ್ಕೋರು.

ಅವಳು ಬಗ್ಗಿ ಇವರ ಕಾಲು ಮುಟ್ಟಲು ಹೋದಳು. ಅಕ್ಕೋರು ಎಷ್ಟು ಜೋರಾಗಿ ಹಿಂದೆ ಸರಿದರೆಂದರೆ ಬೆನ್ನು ಬಾಗಿಲಿಗೆ ಬಡಿಯಿತು. ಅವಳು ಅದನ್ನು ಸಂಕೋಚವೆಂದು ತಿಳಿದಳು. ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟಳು. ಮುದುಕಿ ಹೊರಸಿನ ಮೇಲೆ ಕುಳಿತಿದ್ದರು, ಕಾಲಿಗೆ ಪಟ್ಟಿ. ನಮ್ಮನ್ನು ನೋಡಿ ನಕ್ಕು ಮರಾಠಿಯಲ್ಲಿ “ಬಸಾ, ಬಸಾ” ಎಂದು ಕೂರಲು ಹೇಳಿದರು. “ತವರಮನಿ ಮರಾಠೀರಿ ಆಕಿದು” ಎಂದಳು ಮಗಳು. “ಮದುವಿಯಾಗಿ ಬಂದಮ್ಯಾಲ ಕನ್ನಡಾ ಕಲತಿದ್ಲು. ಈಗ ಮೊದಲ ಅದ ಹೋತು.”

ಚಹಾ ಬಂತು. ಅಕ್ಕೋರು ಕಪ್ಪು ಮುಟ್ಟದೆ, “ತಂಗಿ, ನಿನಗೊಂದ ಮಾತ ಹೇಳಬೇಕಾಗೇದ” ಎಂದು ಶುರು ಮಾಡಿದರು.

“ನಂದೂ ಒಂದ ಮಾತ ಐತ್ರಿ” ಎಂದಳು ಅವಳು. “ಯಾರ ಮುಂದೂ ಹೇಳಿಲ್ಲ. ನೀವು ಅಷ್ಟ ಮಾಡಿದವರು, ನಿಮ್ಮ ಮುಂದ ಹೇಳ್ತೀನಿ. ಅವತ್ತ ಸಂಜೀಕ ನಾ ಫೋನ್ ಹಿಡಕೊಂಡ ಕುಂತಿದ್ನಿ, ಯಾರರ ಅವ್ವನ್ನ ನೋಡ್ಯಾರೇನು ಅಂತ. ಒಂದ ಹಸರ ಸೀರಿ ಬಂತ್ರಿ. ಕೆಂಪ ಅಂಚಿಂದು. ನಾ ಅದನ್ನ ನೋಡ್ಕೋತ ಕುಂತ್ನಿ. ದೊಡ್ಡದ ಮಾಡಿ ಸೆರಗ ನೋಡಿದ್ನಿ. ರೇಟ್ ಎಷ್ಟಂತ ನೋಡಿದ್ನಿ. ನಮ್ಮವ್ವ ಹಾದ್ಯಾಗ ಬರಿಗಾಲಿಲೆ ಅಡ್ಡಾಡಾಕತ್ತಾಳ, ನಾ ಇಲ್ಲಿ ಸೀರಿ ನೋಡಾಕತ್ತೀನಿ. ಅದರ ಕೆಳಗ ಆ ಫೋಟೋ ಇತ್ತಂತ್ರಿ. ನಾ ಕೆಳಗ ಹೋಗ್ಲೇ ಇಲ್ಲ. ಎಂಥ ಮಗಳ್ರಿ ನಾ?”

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆ ನೋಡಿದೆ.

ಅಕ್ಕೋರು ಕುರ್ಚಿಯಿಂದ ಎದ್ದು ಅವಳ ಮುಂದೆ ನೆಲದ ಮೇಲೆ ಕುಳಿತರು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ. “ಆ ಸೀರಿ ಹಾಕಿದಾಕಿ ನಾನ” ಎಂದರು. “ನಿನ್ನ ಕಣ್ಣು ಅಲ್ಲೇ ನಿಂದರ್ಲಿ ಅಂತನ ಹಾಕಿದ್ದು. ಯಾವ ಬಣ್ಣಾ ಹಾಕಿದ್ರ ನಿಂದರ್ತದ, ಯಾವ ಮಾತ ಬರದ್ರ ನಿಂದರ್ತದ, ಯಾವ ಹೆಸರ ಹಚ್ಚಿದ್ರ ನಿಂದರ್ತದ, ಎಲ್ಲಾ ನೋಡೇ ಹಾಕೀನಿ. ಅದ ನನ್ನ ಕಸಬು. ನೀ ನಿಂತಿಲ್ಲ ತಂಗಿ, ನಾ ನಿಲ್ಲಿಸೀನಿ. ಇದರಾಗ ನಿನ್ನ ತಪ್ಪು ಏನೂ ಇಲ್ಲ.”

ಮಗಳು ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. “ಅವ್ವ ಬೇಗ ಮನಿಗೆ ಬರಲಿ ಅಂತ ಬರದಿತ್ತಲ್ರಿ. ಅದು?”

“ಅದೂ ನಾನ ಬರದದ್ದು.”

“ಫೋನ್ ಮಾಡಿದಾಗ ಹೆಸರ ಯಾಕ ಹೇಳ್ಲಿಲ್ರಿ?”

“ಧೈರ್ಯ ಆಗ್ಲಿಲ್ಲ.”

ಹೊರಸಿನ ಮೇಲಿಂದ ಮುದುಕಿ ಮತ್ತೆ “ಬಸಾ” ಎಂದರು. ಮಗಳು ಎದ್ದು ಬಾಗಿಲ ಕಡೆ ಹೋಗಿ ನಿಂತಳು. ದನಿ ಏರಿಸಲಿಲ್ಲ. “ನೀವಿನ್ನ ಹೋಗ್ರಿ” ಎಂದಳು.

ನಾವು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆವು. ಬಸ್ಸು ಊರು ದಾಟುವವರೆಗೆ ಅಕ್ಕೋರು ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ, “ಹೋಗಿ ಬರ್ರಿ ಅನ್ಲಿಲ್ಲ ನೋಡು ಆಕಿ” ಎಂದರು. “ಸುಳ್ಳ ಮರ್ಯಾದಿ ಮಾಡ್ಲಿಲ್ಲ. ಚಲೋ ಆತು.”

ಕೆಲಸವನ್ನು ಅವರು ಬಿಡಲಿಲ್ಲ, ಬಿಟ್ಟರೆ ನಡೆಯುವ ಹಾಗಿರಲಿಲ್ಲ. ಸೀರೆ, ಕುಂದಾ, ಪಾತ್ರೆಗಳಿಗೆ ಮೊದಲಿನ ಹಾಗೆಯೇ ಬರೆದರು. ಆದರೆ ಬೆಳಗಾವಿಯ ಸುತ್ತ ಯಾರಾದರೂ ಕಳೆದುಹೋದ ಸುದ್ದಿ ಬಂದರೆ ಅಂದು ಬೇರೆ ಕೆಲಸ ಬಂದ್. ಆ ಟ್ಯಾಗಿನೊಳಗೆ ಕುಳಿತು, ಸಂಬಂಧವಿಲ್ಲದ್ದನ್ನು ಹಾಕಿದವರಿಗೆಲ್ಲ ಬರೆಯುತ್ತಿದ್ದರು, ನಂಬರಿದ್ದರೆ ಫೋನು ಮಾಡುತ್ತಿದ್ದರು. ‘ನೀವ್ಯಾರು ಹೇಳಲಿಕ್ಕೆ’ ಎನ್ನುವವರೇ ಹೆಚ್ಚು. ಒಬ್ಬ ತೀರ ಹೊಲಸು ಮಾತಾಡಿದ. ನಾನು ಫೋನು ಕಸಿದುಕೊಳ್ಳಲು ಹೋದೆ. ಅವರು ಕೈ ಅಡ್ಡ ಹಿಡಿದು, ಅವನು ಮುಗಿಸುವವರೆಗೂ ಕೇಳಿ, “ಆತಪಾ, ಈಗ ಅದನ್ನ ತಗೀ” ಎಂದರು. ಈ ಬಗ್ಗೆ ಯಾರಾದರೂ ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಖಾನಾಪುರದ ಆ ಮನೆಗೆ ಮತ್ತೆ ಹೋಗಲಿಲ್ಲ. ಬಾ ಎನ್ನದ ಮನೆಗೆ ಹೋಗಿ ನಿಲ್ಲುವುದು ಇನ್ನೊಂದು ತಪ್ಪು ಎನ್ನುತ್ತಿದ್ದರು.

ಅವರು ತೀರಿಕೊಂಡ ಮರುದಿನ ನಾನು ಆ ಮಗಳಿಗೆ ಫೋನು ಮಾಡಿದೆ. ಯಾಕೆ ಮಾಡಿದೆನೋ ಈಗಲೂ ಸರಿಯಾಗಿ ಹೇಳಲಾರೆ. ನಾನು ಯಾರೆಂದು ಹೇಳಿದೆ, ಸುದ್ದಿ ಹೇಳಿದೆ. ಆ ಕಡೆ ಮಕ್ಕಳು ಪದ ಹೇಳುವ ಗದ್ದಲ. ಅವಳು ಫೋನು ಹಿಡಿದು ಹೊರಗೆ ಬಂದಳೆಂದು ಕಾಣುತ್ತದೆ, ಗದ್ದಲ ದೂರವಾಯಿತು.

“ಅವತ್ತ ನೀವ ಬಂದ ಹೋದ ದಿವಸ ರಾತ್ರಿ ನನಗ ನಿದ್ದಿ ಬಂತ್ರಿ” ಎಂದಳು. “ಅವ್ವ ಕಳದಾಗಿಂದ ಬಂದಿದ್ದಿಲ್ಲ. ನಿನ್ನ ತಪ್ಪಲ್ಲ ಅಂತ ನಮ್ಮ ಮನಿಯವರೂ ಹೇಳಿದ್ರು, ಪೊಲೀಸರೂ ಹೇಳಿದ್ರು. ನನಗ ಖರೇ ಅನಿಸಿದ್ದು ಆಕಿ ಹೇಳಿದಾಗ ಅಷ್ಟ.”

“ಅವರಿಗೆ ಇದು ಗೊತ್ತಿರಲಿಲ್ರಿ” ಎಂದೆ.

“ಇಲ್ರಿ. ಫೋನ್ ನಂಬರ ಇತ್ತು ನನ್ನ ಕಡೆ. ಎಷ್ಟೋ ಸಲ ತಗದು ನೋಡೀನಿ. ಅಷ್ಟ ಲಗೂನ ಆಕಿಗೆ ಸಮಾಧಾನ ಕೊಡಬಾರದು ಅಂತ ಫೋನ್ ಮಾಡದ ಇಟ್ಟೀನ್ರಿ.”

ಮಕ್ಕಳು ಅವಳನ್ನು ಕರೆಯುತ್ತಿದ್ದರು. ಅವಳು ಹೋಗಲಿಲ್ಲ. ಇಬ್ಬರೂ ಫೋನು ಕಿವಿಗೆ ಹಿಡಿದುಕೊಂಡು ಹಾಗೇ ನಿಂತಿದ್ದೆವು.